ಚೌಕಣ್ಣನ ಎರಡು ಚೌಕ

ಚೌಕಣ್ಣನ ಮುಖ್ಯ ಗಿರಾಕಿಗಳು ಯಾರೂ ಅವನ ಕುರ್ಚಿಯಲ್ಲಿ ಕೂತವರಲ್ಲ. ಎಲ್ಲರೂ ಮಲಗಿರುತ್ತಾರೆ. ಕಣ್ಣು ಮುಚ್ಚಿರುತ್ತಾರೆ. ಹಿಂದೆ ಇನ್ನೂ ಸ್ವಲ್ಪ ಗಿಡ್ಡ ಮಾಡು ಎನ್ನುವುದಿಲ್ಲ, ಪಕ್ಕದ ಮನೆಯವರ ವಿಷಯ ಎತ್ತುವುದಿಲ್ಲ, ಕೆಲಸ ಮುಗಿದ ಮೇಲೆ ಕನ್ನಡಿಯನ್ನೂ ನೋಡಿಕೊಳ್ಳುವುದಿಲ್ಲ. "ನಿನ್ನಂಥ ಬಾಯಿಬಡುಕನಿಗಿಂತ ಅವರೇ ವಾಸಿ ಕಣಯ್ಯಾ" ಎಂದು ನನ್ನ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡೇ ಹೇಳುತ್ತಾನೆ. ಮೂವತ್ತು ವರ್ಷದಿಂದ ನನ್ನ ತಲೆ ಅವನ ಕೈಯಲ್ಲಿದೆ. ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನಕ್ಕೆ ಜಾಗವಿಲ್ಲ.

ಅವನ ಅಂಗಡಿ ದೊಡ್ಡಾಸ್ಪತ್ರೆಯ ಪಕ್ಕದ ಗೇಟಿಗೆ ಸರಿಯಾಗಿ ಎದುರು. ಒಂದು ಕುರ್ಚಿ, ಒಂದು ಕನ್ನಡಿ, ಒಂದು ಬೆಂಚು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಪೌಡರ್ ಡಬ್ಬಿಗೆ ಒರಗಿಸಿಟ್ಟ ಒಂದು ಹಳೆಯ ಮೊಬೈಲು. ಅದು ಹೊಡೆದುಕೊಂಡರೆ, ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡವನೂ ತೆಪ್ಪಗೆ ಕಾಯಬೇಕು. ಕರೆ ಬಂದದ್ದು ಐಸಿಯುನಿಂದ ಎಂದು ಬೀದಿಗೆಲ್ಲ ಗೊತ್ತು. ಅಲ್ಲಿ ಯಾರದೋ ತಲೆಗೆ ಪೆಟ್ಟು ಬಿದ್ದಿದೆ, ಎಚ್ಚರವಿಲ್ಲ, ಚೌಕಣ್ಣನ ಚೌಕ ಬೇಕಾಗಿದೆ.

ಈ ಚೌಕದ ಕಥೆ ಹೀಗೆ. ತಲೆಗೆ ಜೋರಾಗಿ ಏಟಾದವರ ಮೆದುಳು ಒಳಗೆ ಊದಿಕೊಳ್ಳುತ್ತದೆ. ಕಾಲು ಊದಿದರೆ ಚಪ್ಪಲಿ ಬಿಚ್ಚಿಡಬಹುದು, ತಲೆಬುರುಡೆಯನ್ನು ಹಾಗೆ ಬಿಚ್ಚಿಡಲಾಗದು. ಒಳಗೆ ಒತ್ತಡ ಎಷ್ಟು ಏರಿದೆ, ಆಮ್ಲಜನಕ ಸಾಲುತ್ತಿದೆಯೇ ಎಂದು ಕೇಳೋಣವೆಂದರೆ ಮನುಷ್ಯನಿಗೆ ಎಚ್ಚರವಿಲ್ಲ. ಆಗ ಹಣೆಯ ಮೇಲ್ಗಡೆ, ಕೂದಲು ಶುರುವಾಗುವ ಗೆರೆಯಿಂದ ತುಸು ಹಿಂದೆ, ಸಣ್ಣದೊಂದು ತೂತು ಕೊರೆದು ದಾರದಷ್ಟು ಸಪೂರದ ಕ್ಯಾಥೆಟರ್ ಇಳಿಸುತ್ತಾರೆ. ಆಮೇಲಿನ ದಿನಗಳಲ್ಲಿ ರೋಗಿಯ ಪರವಾಗಿ ಮಾತಾಡುವುದು ಆ ಕೊಳವೆಯೇ. ಮಂಚದ ಪಕ್ಕದ ಪರದೆಯ ಮೇಲೆ ಅಂಕಿಗಳಲ್ಲಿ ಗೊಣಗುತ್ತಾ ಇರುತ್ತದೆ.

ತೂತು ಕೊರೆಯುವ ಮುಂಚೆ ಅಷ್ಟು ಜಾಗದ ಕೂದಲು ತೆಗೆಯಬೇಕು. ಬೇರೆ ಯಾರಾದರೂ ಆಗಿದ್ದರೆ ಇಡೀ ತಲೆ ಬೋಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಚೌಕಣ್ಣ ಹಾಗಲ್ಲ. ಎರಡು ಇಂಚು ಉದ್ದ, ಎರಡು ಇಂಚು ಅಗಲ, ಅಷ್ಟೇ. ಮೂಲೆಗಳೂ ಮೂಲೆಗಳಂತೆಯೇ ಇರಬೇಕು. ಅವನಿಗೆ ಈ ಹೆಸರು ಬಂದದ್ದೂ ಹಾಗೆಯೇ. ನಿಜವಾದ ಹೆಸರು ಅವನ ಹೆಂಡತಿಗೆ ನೆನಪಿದ್ದರೆ ಅದೇ ದೊಡ್ಡದು. "ಎದ್ದ ಮೇಲೆ ಮನುಷ್ಯನಿಗೆ ತಾನು ಯಾರು ಅಂತ ಮೊದಲು ಗೊತ್ತಾಗಬೇಕು. ಕನ್ನಡಿಯಲ್ಲಿ ಬೋಳುತಲೆ ಒಂದು ನೋಡ್ತಿದ್ರೆ ಇದ್ಯಾರಪ್ಪ ಅಂತ ಮತ್ತೆ ಜ್ಞಾನ ತಪ್ಪುತ್ತೆ" ಎನ್ನುತ್ತಾನೆ.

ಅವನ ಹತ್ತಿರ ಈ ಕೆಲಸಕ್ಕೇ ಮೀಸಲಾದ ಒಂದು ಕಪ್ಪು ಬಾಚಣಿಗೆ ಇದೆ. ಅದರ ಬೆನ್ನಿನ ಮೇಲೆ ಅರದಿಂದ ತೀಡಿದ ಎರಡು ಕಚ್ಚು. ಮೊದಲನೆಯದು ಮೂರು ಸೆಂಟಿಮೀಟರಿಗೆ, ಎರಡನೆಯದು ಹನ್ನೊಂದಕ್ಕೆ. ಮೂಗಿನ ಬುಡದಿಂದ ನೆತ್ತಿಯ ಕಡೆಗೆ ಹನ್ನೊಂದು, ನಡುಗೆರೆಯಿಂದ ಪಕ್ಕಕ್ಕೆ ಮೂರು. ಕೊಳವೆಗೆ ಸಾಮಾನ್ಯವಾಗಿ ಒಗ್ಗುವ ಜಾಗ ಅದು ಎಂದು ಡಾಕ್ಟರುಗಳು ಒಮ್ಮೆ ತೋರಿಸಿಕೊಟ್ಟಿದ್ದರು. ಅಂದಿನಿಂದ ಅವರು ಟೇಪು ಹುಡುಕುವಷ್ಟರಲ್ಲಿ ಇವನ ಚೌಕ ತಯಾರು. ಡಾಕ್ಟರುಗಳು ಆಮೇಲೆ ಅಳೆದರೆ ಚೌಕದ ನಟ್ಟನಡುವೆ ಬಿಂದು. ಹತ್ತು ಸಲ ಅಳೆದರು, ಇಪ್ಪತ್ತು ಸಲ ಅಳೆದರು. ಬರಬರುತ್ತಾ ಅಳೆಯುವುದು ಶಾಸ್ತ್ರಕ್ಕೆ ಎಂಬಂತಾಯಿತು. ಚೌಕ ಎಲ್ಲಿದೆಯೋ ಅಲ್ಲಿ ತೂತು. ಇದು ಚೌಕಣ್ಣನ ಹೆಮ್ಮೆ. ಕಥೆ ಎಡವಿದ್ದೂ ಇದೇ ಹೆಮ್ಮೆಗೆ.

ಐಸಿಯುನ ಯಜಮಾನಿಕೆ ದೊಡ್ಡ ಸಿಸ್ಟರದು. ಎತ್ತರದಲ್ಲಿ ಐದಡಿ ದಾಟದಿದ್ದರೂ ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಾರೆ. ಬಹಳ ಹಿಂದೆ ಚೌಕಣ್ಣನ ಕೈಯಿಂದ ಕತ್ತಿ ಕಸಿದುಕೊಂಡವರು ಅವರೇ.

"ಇನ್ನು ಮೇಲೆ ಕತ್ತಿ ಬೇಡ. ಮಶೀನಲ್ಲಿ ಕತ್ತರಿಸು."

"ಸಿಸ್ಟರ್, ನನ್ನ ಕತ್ತಿ ಓಡಾಡಿದ್ದು ಚರ್ಮಕ್ಕೇ ಗೊತ್ತಾಗಲ್ಲ."

"ಚರ್ಮಕ್ಕೆ ಗೊತ್ತಾಗದಿದ್ರೂ ಕ್ರಿಮಿಗೆ ಗೊತ್ತಾಗುತ್ತೆ. ಕಣ್ಣಿಗೆ ಕಾಣದ ಗೀರು ಸಾಕು ಅದಕ್ಕೆ. ಕೊಳವೆ ಹಿಡ್ಕೊಂಡು ಸೀದಾ ಒಳಗೆ."

ಒಂದು ವಾರ ಮುನಿಸಿಕೊಂಡ. ಬಾಣಸಿಗನಿಗೆ ಒಲೆ ಮುಟ್ಟಬೇಡ ಎಂದಂತಾಯಿತು ಎಂದು ಬೆಂಚಿನ ಮೇಲೆ ಕೂತವರಿಗೆಲ್ಲ ಹೇಳಿಕೊಂಡ. ಕೊನೆಗೆ ಮಶೀನಿನಲ್ಲೇ ಮೂಲೆ ಚೂಪು ಮಾಡುವುದನ್ನು ಕಲಿತ. ಕತ್ತಿ ಅಂಗಡಿಯಲ್ಲಿ ನನ್ನಂಥ ಕ್ರಿಮಿಗಳಿಗೆ ಉಳಿಯಿತು.

ದೊಡ್ಡ ಸಿಸ್ಟರಿಗೆ ಇನ್ನೆರಡು ಅಭ್ಯಾಸ. ಡಾಕ್ಟರು ಚರ್ಮಕ್ಕೆ ಕೈ ಹಾಕುವ ಮುಂಚೆ ಮಂಚದ ಬುಡದಲ್ಲಿ ನಿಂತು "ಯಾರು? ಏನು? ಯಾವ ಕಡೆ?" ಎಂದು ಗಟ್ಟಿಯಾಗಿ ಕೇಳುವುದು ಒಂದು. ಪ್ರತಿ ಕೊಳವೆಯ ಜಾತಕವನ್ನೂ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದಿಡುವುದು ಇನ್ನೊಂದು. ತುದಿ ಸ್ಕ್ಯಾನಿನಲ್ಲಿ ಬೇಕಾದ ಜಾಗದಲ್ಲೇ ಕಂಡಿತೇ, ರಕ್ತ ಒಸರಿತೇ, ಸೋಂಕು ತಗುಲಿತೇ, ಅರ್ಧದಲ್ಲಿ ಕಿತ್ತುಬಂತೇ, ಎಲ್ಲವೂ ಅದರಲ್ಲಿ. ಹಿಂದೆಲ್ಲ ಈ ಕೆಲಸಕ್ಕೆ ರೋಗಿಯನ್ನು ಮಂಚ ಸಮೇತ ಮೂರನೇ ಮಹಡಿಯ ಆಪರೇಷನ್ ಥಿಯೇಟರಿಗೆ ಒಯ್ಯುತ್ತಿದ್ದರು. ಲಿಫ್ಟು ಕೆಟ್ಟರೆ ದೇವರೇ ಗತಿ. ಎರಡು ವರ್ಷದಿಂದ ಐಸಿಯುನ ಮಂಚದಲ್ಲೇ ಮಾಡತೊಡಗಿದ್ದರು. ಅದು ಥಿಯೇಟರಿನಷ್ಟೇ ಸುರಕ್ಷಿತವೇ ಎಂದು ಮುಖ್ಯ ವೈದ್ಯರಿಗೆ ಅನುಮಾನ. ಲೆಕ್ಕ ತನ್ನಿ, ನೋಡಿ ಹೇಳುತ್ತೇನೆ ಎಂದಿದ್ದರು.

ಹಾಗೆ ಲೆಕ್ಕ ಒಪ್ಪಿಸಬೇಕಾದ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡ ಸಿಸ್ಟರ್ ಕೆಂಪು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮೀಟಿಂಗಿಗೆ ಹೋದರು. ಹತ್ತೂಕಾಲಿಗೆ ಪೌಡರ್ ಡಬ್ಬಿಯ ಪಕ್ಕದ ಮೊಬೈಲು ಹೊಡೆದುಕೊಂಡಿತು.

ಮಲಗಿದ್ದವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಸ್ಟೂಲು ಹತ್ತಿ ಮಕ್ಕಳ ಚಿತ್ರವೊಂದನ್ನು ಗೋಡೆಗೆ ನೇರವಾಗಿ ತೂಗುಹಾಕಲು ಹೋಗಿ, ಚಿತ್ರ ನೇರವಾಯಿತೇ ಎಂದು ನೋಡಲು ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಸ್ಟೂಲಿನ ಮೇಲಿದ್ದದ್ದು ಮರೆತಿತ್ತು.

ಐಸಿಯುನ ಬಾಗಿಲ ಹೊರಗೆ ಅವರ ಹೆಂಡತಿ ಗಂಡನ ಕನ್ನಡಕವನ್ನು ಸೆರಗಿನಿಂದ ಒರೆಸುತ್ತಾ ಕೂತಿದ್ದರು. ಚೌಕಣ್ಣನ ಕೈಯಲ್ಲಿ ಮಶೀನು ಕಂಡದ್ದೇ ಎದ್ದು ನಿಂತರು.

"ಪೂರ್ತಿ ತೆಗೀತೀರಾ ಅಣ್ಣಾ?"

"ಇಲ್ಲಮ್ಮ. ಇಷ್ಟೇ ಇಷ್ಟು. ಪಕ್ಕದ ಕೂದಲು ಬಾಚಿದ್ರೆ ಮುಚ್ಚಿಹೋಗುತ್ತೆ."

"ಅವರಿಗೆ ಗುಂಗುರು ಕೂದಲು. ಅದನ್ನ ನೋಡೇ ನಾನು ಒಪ್ಪಿಕೊಂಡಿದ್ದು. ಸಂಬಳ ಎಷ್ಟು ಅಂತ ಆಮೇಲೆ ಗೊತ್ತಾಯ್ತು." ನಗಲು ಹೋದರು, ಆಗಲಿಲ್ಲ. "ಎದ್ದ ಮೇಲೆ ಕನ್ನಡಿ ನೋಡ್ಕೊಂಡು ನನಗೆ ಬೈತಾರೆ, ಯಾಕೆ ಬಿಟ್ಟೆ ಅಂತ."

"ಬೈಲಿ ಬಿಡಿಮ್ಮ. ಎದ್ದು ಬೈದ್ರೆ ಅದಕ್ಕಿಂತ ಇನ್ನೇನು ಬೇಕು? ಬೈದಾಗ ನನ್ನನ್ನ ಕರೀರಿ. ನಾನು ಉತ್ತರ ಹೇಳ್ತೀನಿ" ಎಂದು ಮಾತು ಕೊಟ್ಟು ಒಳಗೆ ಹೋದ.

ಒಳಗೆ, ಕೊಳವೆ ಹಾಕಬೇಕಾದ ಚಿಕ್ಕ ಡಾಕ್ಟರಮ್ಮನನ್ನು ಬೇರೆ ಮಂಚದ ರೋಗಿಯೊಬ್ಬನ ತುರ್ತು ಎಳೆದುಕೊಂಡಿತ್ತು. ವಯಸ್ಸಿನಲ್ಲಿ ಚಿಕ್ಕವರು, ಕೈ ಮಾತ್ರ ನುರಿತದ್ದು. ಮೇಷ್ಟ್ರ ಪಕ್ಕದಲ್ಲಿ ಹೊಸ ನರ್ಸೊಬ್ಬಳು ತಟ್ಟೆ ಜೋಡಿಸುತ್ತಿದ್ದಳು.

"ಯಾವ ಕಡೆ ಸಿಸ್ಟರ್? ಎಂದಿನಂತೆ ಬಲಗಡೇನಾ?"

"ಇವರಿಗೆ ಪೆಟ್ಟು ಬಿದ್ದ ಕಡೆಗೇ ಬೇಕಂತೆ. ಮೇಡಂ ಹೇಳಿದ್ರು."

ಸಾಮಾನ್ಯವಾಗಿ ಆ ಐಸಿಯುನಲ್ಲಿ ಕೊಳವೆ ಹಾಕುತ್ತಿದ್ದದ್ದು ಬಲಗಡೆ. ಮೇಷ್ಟ್ರ ವಿಷಯ ಬೇರೆ. ಮೆದುಳಿನಲ್ಲಿ ಪೆಟ್ಟಿಗೆ ಕಂದಿದ ಭಾಗಕ್ಕೆ ಆಮ್ಲಜನಕ ಮುಟ್ಟುತ್ತಿದೆಯೇ ಎಂದು ಅಲ್ಲಿಗೇ ಹೋಗಿ ಕೇಳಬೇಕಿತ್ತು. ಚೌಕಣ್ಣ ಮೇಷ್ಟ್ರ ತಲೆ ನೋಡಿದ. ಊತವಿದ್ದದ್ದು ಹಿಂದಲೆಯಲ್ಲಿ, ನಡುಮಧ್ಯೆ. ಹಿಂದಕ್ಕೆ ಬಿದ್ದ ರಭಸಕ್ಕೆ ಮೆದುಳು ಒಳಗೊಳಗೇ ಮುಂದಿನ ಗೋಡೆಗೆ ಬಡಿದು ಅಲ್ಲಿ ಒಂದು ಕಡೆ ಕಂದಿತ್ತು. ಅದು ಹೊರಗಿನಿಂದ ಕಾಣುವಂಥದ್ದಲ್ಲ. ಡಾಕ್ಟರಮ್ಮ ಬರುವವರೆಗೆ ಎರಡು ನಿಮಿಷ ಕಾಯಬಹುದಿತ್ತು. ಆದರೆ ಪಕ್ಕದ ಪರದೆಯ ಮೇಲೆ ಸ್ಕ್ಯಾನ್ ಚಿತ್ರ ತೆರೆದೇ ಇತ್ತು. ಇಷ್ಟು ವರ್ಷ ತಲೆಗಳ ಜೊತೆಗೇ ಬಾಳಿದವನಿಗೆ ತಲೆಯ ಚಿತ್ರ ಓದಲು ಬರುವುದಿಲ್ಲವೇ? ನೋಡಿದ. ಬೂದು ಬಣ್ಣದ ದುಂಡು ಚಿತ್ರದ ಮೇಲ್ಭಾಗದಲ್ಲಿ, ಬಲಗಡೆ, ಚೆಲ್ಲಿದ ಸುಣ್ಣದ ಹಾಗೆ ಬಿಳಿ ಕಲೆ.

"ಎಂದಿನ ಕಡೆಯೇ ಆಯ್ತಲ್ಲ" ಎಂದುಕೊಂಡು ಮಶೀನು ಹಚ್ಚಿದ. ಬಾಚಣಿಗೆ ಇಟ್ಟ, ಕಚ್ಚು ನೋಡಿದ, ಗುಂಗುರು ಸುರುಳಿಗಳನ್ನು ಒಂದೊಂದಾಗಿ ಇಳಿಸಿದ. ತಲೆಯ ಬಲಭಾಗದಲ್ಲಿ ಎರಡಿಂಚಿನ ಚೌಕ. ಅವನ ಜೀವಮಾನದ ಅತ್ಯುತ್ತಮ ಚೌಕಗಳಲ್ಲಿ ಒಂದು ಎಂದು ಈಗಲೂ ಹೇಳುತ್ತಾನೆ. ಉದುರಿದ ಸುರುಳಿಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಮರಳಿದ.

ಅಂಗಡಿಯಲ್ಲಿ ಆಂಬುಲೆನ್ಸ್ ಡ್ರೈವರ್ ಕಾಯುತ್ತಿದ್ದ. ಲೈಸೆನ್ಸಿಗೆ ಹೊಸ ಫೋಟೋ ಬೇಕಿತ್ತಂತೆ. ಹಳೆಯ ಫೋಟೋ ಕೈಗೆ ಕೊಟ್ಟು, "ಇದರಲ್ಲಿ ಹೇಗಿದೀನೋ ಹಾಗೇ ಮಾಡು. ಬೈತಲೆ ಸಮೇತ. ಇಲ್ಲಾಂದ್ರೆ ಆ ಕೌಂಟರಿನವನು ಇದು ನೀನಲ್ಲ ಅಂತಾನೆ" ಎಂದು ಕುರ್ಚಿಯಲ್ಲಿ ಕೂತ.

ಸಾಧಾರಣವಾಗಿ ಬೈತಲೆ ಎಲ್ಲಿ ಎಂದು ಚೌಕಣ್ಣ ಯಾರನ್ನೂ ಕೇಳುವುದಿಲ್ಲ, ಕೂದಲೇ ಹೇಳುತ್ತದೆ. ಡ್ರೈವರನ ತಲೆಯಲ್ಲಿ ಸಾಕ್ಷಿ ಹೇಳುವಷ್ಟು ಕೂದಲು ಉಳಿದಿರಲಿಲ್ಲ. ಹಾಗಾಗಿ ಫೋಟೋ ನೋಡಿದ. ಬೈತಲೆ ಚಿತ್ರದ ಬಲಗಡೆಗಿತ್ತು. ಕನ್ನಡಿ ನೋಡಿಕೊಂಡು ಬಲಗಡೆಗೇ ಗೆರೆ ಎಳೆದ.

"ಏಯ್, ಏನು ಮಾಡ್ತಿದೀಯ? ನಂದು ಎಡಗಡೆ ಬೈತಲೆ."

"ಫೋಟೋದಲ್ಲಿ ಬಲಗಡೆ ಇದೆಯಲ್ಲೋ."

"ಫೋಟೋ ಎದುರಿಂದ ತೆಗೀತಾರೆ ಕಣಯ್ಯಾ! ನಿನ್ನ ಹಾಗೆ ಬೆನ್ನ ಹಿಂದೆ ನಿಂತ್ಕೊಂಡು ಕನ್ನಡೀಲಿ ನೋಡ್ತಾರಾ? ಎದುರಿಗೆ ನಿಂತವನ ಎಡಗೈ ನಿನಗೆ ಯಾವ ಕಡೆ ಕಾಣುತ್ತೆ ಹೇಳು?"

ಚೌಕಣ್ಣನ ಕೈ ಗಾಳಿಯಲ್ಲೇ ನಿಂತಿತು.

ಮೂವತ್ತು ವರ್ಷ ಅವನು ಜಗತ್ತಿನ ತಲೆಗಳನ್ನೆಲ್ಲ ನೋಡಿದ್ದು ಹೀಗೆಯೇ, ಗಿರಾಕಿಯ ಬೆನ್ನ ಹಿಂದೆ ನಿಂತು, ಕನ್ನಡಿಯ ಒಳಗೆ. ಕನ್ನಡಿಯಲ್ಲಿ ಬಲ ಬಲವೇ, ಎಡ ಎಡವೇ. ಫೋಟೋದಲ್ಲಿ ಹಾಗಲ್ಲ. ಸ್ಕ್ಯಾನ್ ಚಿತ್ರವೂ ಎದುರಿಗೆ ನಿಂತ ಮನುಷ್ಯನ ಹಾಗೆಯೇ. ಅವನ ಎಡ ನಮ್ಮ ಬಲಕ್ಕೆ ಬರುತ್ತದೆ. ಮೇಷ್ಟ್ರ ಕಲೆ ಚಿತ್ರದ ಬಲಗಡೆಗಿತ್ತು. ಅಂದರೆ ಮೇಷ್ಟ್ರ ಎಡಗಡೆಗಿತ್ತು. ಚೌಕ ಮಾತ್ರ ಬಲಗಡೆ ಕೂತಿತ್ತು. ಚೌಕ ಎಲ್ಲಿದೆಯೋ ಅಲ್ಲಿ ತೂತು.

ಏನಾಗುತ್ತಿತ್ತು ಎಂಬುದನ್ನು ಆಮೇಲೆ ಚಿಕ್ಕ ಡಾಕ್ಟರಮ್ಮನೇ ವಿವರಿಸಿದರು. ಚೆನ್ನಾಗಿರುವ ಕಡೆಗೆ ಸುಮ್ಮನೆ ಒಂದು ತೂತು. ಅಲ್ಲಿ ಕೂತ ಕೊಳವೆ ತನ್ನ ಸುತ್ತಮುತ್ತ ನೋಡಿಕೊಂಡು ಎಲ್ಲ ಕ್ಷೇಮ, ಎಲ್ಲ ಕ್ಷೇಮ ಎಂದು ಅಂಕಿ ಬರೆಯುತ್ತಿತ್ತು. ಆಚೆ ಬದಿಯಲ್ಲಿ ಕಂದಿದ ಭಾಗ ಉಸಿರುಗಟ್ಟಿ ಒದ್ದಾಡಿದರೂ ಹೇಳುವವರು ಯಾರೂ ಇರುತ್ತಿರಲಿಲ್ಲ.

ಚೌಕಣ್ಣ ಮೊಬೈಲು ಎತ್ತಿ ಐಸಿಯುಗೆ ಹಚ್ಚಿದ. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಬಾಚಣಿಗೆ ಕೈಯಲ್ಲಿ ಹಿಡಿದು ಓಡಿದ.

ಅವನು ಓಡಿದ್ದನ್ನು ಬೀದಿ ಎಂದೂ ನೋಡಿರಲಿಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡಿದ್ದ ಡ್ರೈವರ್, ಯಾಕೆ ಏನು ಎಂದು ಕೇಳದೆ, ಅಭ್ಯಾಸಬಲದಿಂದ ಅವನೂ ಹಿಂದೆ ಓಡಿದ. ಯಾರಾದರೂ ಆಸ್ಪತ್ರೆ ಕಡೆ ಓಡಿದರೆ ಅವನ ಕಾಲು ತಾನಾಗಿ ಓಡುತ್ತದೆ. ಪಕ್ಕದ ಗೇಟು ದಾಟಿ, ಔಷಧಿ ಕೌಂಟರಿನ ಸಾಲು ಅಡ್ಡ ಬಂದಾಗ ಡ್ರೈವರ್ ಬಾಯಲ್ಲೇ ಸೈರನ್ ಶುರು ಮಾಡಿದ. ಜನ ದಾರಿ ಬಿಟ್ಟರು. ಒಂದು ಗಾಲಿಕುರ್ಚಿ ಪಕ್ಕಕ್ಕೆ ಸರಿಯಿತು. ಆಸ್ಪತ್ರೆಯ ಇತಿಹಾಸದಲ್ಲಿ ಗಾಡಿಯಿಲ್ಲದ ಆಂಬುಲೆನ್ಸ್ ಒಳಗೆ ಬಂದದ್ದು ಅದೇ ಮೊದಲು.

ಐಸಿಯುನಲ್ಲಿ ಮೇಷ್ಟ್ರ ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದ್ದರು. ಬಟ್ಟೆಯ ಕಿಂಡಿಯಲ್ಲಿ ಕಾಣುತ್ತಿದ್ದದ್ದು ಚೌಕ ಮಾತ್ರ, ಕಂದು ಔಷಧಿ ಬಳಿದುಕೊಂಡು ಹೊಳೆಯುತ್ತಿತ್ತು. ಮರಗಟ್ಟಿಸುವ ಸೂಜಿಯೂ ಆಗಿತ್ತು. ಯಾವ ಕಡೆ ಎಂದು ಡಾಕ್ಟರಮ್ಮ ಕೇಳಿದ್ದರು, ಹೊಸ ನರ್ಸು "ಚೌಕ ಆಗಿದೆ ಮೇಡಂ" ಎಂದಿದ್ದಳು. ಉತ್ತರ ಪ್ರಶ್ನೆಗೆ ಸರಿಹೊಂದಿರಲಿಲ್ಲ. ಆದರೆ ಚೌಕಣ್ಣನ ಚೌಕ ಎಂದ ಮೇಲೆ ಮತ್ತೇನು ಎಂದು ಇಬ್ಬರಿಗೂ ಅನ್ನಿಸಿತ್ತು. ದೊಡ್ಡ ಸಿಸ್ಟರ್ ಇದ್ದಿದ್ದರೆ ಉತ್ತರ ಬರುವವರೆಗೆ ಬಿಡುತ್ತಿರಲಿಲ್ಲ. ಅವರು ಅದೇ ಹೊತ್ತಿಗೆ ಮಹಡಿಯ ಮೇಲೆ, ತಮ್ಮ ಐಸಿಯು ಎಷ್ಟು ಜಾಗರೂಕ ಎಂದು ಅಂಕಿಸಂಖ್ಯೆ ಸಮೇತ ವಿವರಿಸುತ್ತಿದ್ದರು.

ಡಾಕ್ಟರಮ್ಮ ಬ್ಲೇಡು ಕೈಗೆತ್ತಿಕೊಂಡರು.

"ಕೈ ಎತ್ತಿ!" ಬಾಗಿಲಲ್ಲಿ ಚೌಕಣ್ಣ ಕಿರುಚಿದ.

ಒಳಗಿದ್ದವರೆಲ್ಲ ಕೈ ಎತ್ತಿದರು, ಎರಡನೇ ಮಂಚದ ಪಕ್ಕ ನೆಲ ಒರೆಸುತ್ತಿದ್ದವಳೂ ಸೇರಿ.

"ಚೌಕಣ್ಣಾ! ಚಪ್ಪಲಿ ಹಾಕ್ಕೊಂಡು ಒಳಗೆ..."

"ಮೇಡಂ, ಅದು ತಪ್ಪು ಕಡೆ. ನಾನು ತಪ್ಪು ಮಾಡಿದೀನಿ. ಪೆಟ್ಟು ಎಡಗಡೆ. ಚಿತ್ರಾನ ಕನ್ನಡಿ ಅಂದ್ಕೊಂಡುಬಿಟ್ಟೆ."

ಡಾಕ್ಟರಮ್ಮ ಪರದೆಯ ಕಡೆ ತಿರುಗಿದರು. ಚಿತ್ರದ ಅಂಚಿನಲ್ಲಿ ಯಾವ ಕಡೆ ಯಾವುದು ಎಂದು ತಿಳಿಸುವ ಸಣ್ಣ ಅಕ್ಷರ ಇತ್ತು, ಇರುವೆಯಷ್ಟು. ಅದನ್ನು ನೋಡಿದರು. ಮೇಷ್ಟ್ರ ತಲೆ ನೋಡಿದರು. ಬ್ಲೇಡನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು. ಮುಖಗವಸಿನ ಮೇಲೆ ಕಾಣುತ್ತಿದ್ದ ಅಷ್ಟು ಮುಖವೂ ಬೆಳ್ಳಗಾಗಿತ್ತು.

"ನಾನೂ ನೋಡಬೇಕಿತ್ತು" ಎಂದರು. "ನೋಡಲಿಲ್ಲ. ನಿಮ್ಮ ಚೌಕ ನೋಡಿದೆ."

ಬಟ್ಟೆ ತೆಗೆದರು. ಈ ಸಲ ಡಾಕ್ಟರಮ್ಮ ತಾವೇ ಪೆನ್ನು ಹಿಡಿದು ಮೇಷ್ಟ್ರ ಎಡ ಹಣೆಯ ಮೇಲೆ ಬಾಣದ ಗುರುತು ಹಾಕಿದರು. ಹೊಸ ನರ್ಸು ಚಿತ್ರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ "ಎಡ" ಎಂದಳು. ಕೈ ತೊಳೆದು, ಗೌನು ತೊಟ್ಟು ಬಂದ ಚೌಕಣ್ಣ "ಎಡ" ಎಂದ. ಬಾಗಿಲ ಹೊರಗೆ ಬಟ್ಟೆ ಕಟ್ಟಿಸಿಕೊಂಡೇ ನಿಂತಿದ್ದ ಡ್ರೈವರ್, ತನ್ನ ಬೈತಲೆಯ ವಿಷಯವೇ ಇನ್ನೂ ನಡೆದಿದೆ ಎಂದುಕೊಂಡು, "ಹೂಂ, ಎಡ, ಅದನ್ನೇ ಹೇಳ್ತಿದೀನಿ" ಎಂದ.

ಮಶೀನು ಹಿಡಿದ ಕೈ ಸಣ್ಣಗೆ ನಡುಗಿತು. ಮೊದಲ ಮೂಲೆ ಸೊಟ್ಟವಾಯಿತು. ಎರಡನೆಯದರ ಹೊತ್ತಿಗೆ ಕೈ ಹತೋಟಿಗೆ ಬಂತು. ಅರ್ಧ ಗಂಟೆಯಲ್ಲಿ ಕೊಳವೆ ಒಳಗೆ ಕೂತಿತು. ಸ್ಕ್ಯಾನಿಗೆ ಹೋಗಿ ಬಂದಾಗ ತುದಿ ಇರಬೇಕಾದ ಕಡೆಯೇ ಇತ್ತು, ಕಲೆಯ ಪಕ್ಕದಲ್ಲೇ, ರಕ್ತ ಒಸರಿರಲಿಲ್ಲ. ಪರದೆ ಗೊಣಗಲು ಶುರು ಮಾಡಿತು. ಆ ದಿನ ಸಂಜೆಯೇ ಅದು ಆಮ್ಲಜನಕ ಸಾಲುತ್ತಿಲ್ಲ ಎಂದು ದೂರು ಹೇಳಿತು, ಡಾಕ್ಟರುಗಳು ಔಷಧಿ, ಉಸಿರಾಟದ ಯಂತ್ರ ಎಲ್ಲ ಸರಿಮಾಡಿದರು. ಬಲಗಡೆ ಕೂತಿದ್ದರೆ ಈ ದೂರು ಬರುತ್ತಲೇ ಇರಲಿಲ್ಲ.

ಮೇಷ್ಟ್ರ ಕೂದಲು ಹೋಗಿತ್ತೇ ಹೊರತು ಕೂದಲೂ ಕೊಂಕಿರಲಿಲ್ಲ.

ದೊಡ್ಡ ಸಿಸ್ಟರ್ ಮೀಟಿಂಗಿನಿಂದ ಇಳಿದು ಬಂದದ್ದು ನಗುಮುಖದಲ್ಲಿ. ತೊಂಬತ್ತಾರು ಕೊಳವೆ, ಐದರಲ್ಲಿ ತುದಿ ತುಸು ಆಚೀಚೆ, ಮೂರರಲ್ಲಿ ತಾನಾಗಿ ನಿಂತ ಸಣ್ಣ ರಕ್ತ, ಒಂದು ಸೋಂಕು, ನಾಲ್ಕು ಅರ್ಧದಲ್ಲಿ ಕಿತ್ತುಬಂದದ್ದು. ಮೇಲಿನ ಥಿಯೇಟರಿನ ಲೆಕ್ಕವೂ ಹೆಚ್ಚು ಕಡಿಮೆ ಅಷ್ಟೇ ಇತ್ತಂತೆ. ಮುಖ್ಯ ವೈದ್ಯರು ತಲೆಯಾಡಿಸಿದ್ದರು. ನಾಳೆ ಒಪ್ಪಿಗೆ ಬರೆದು ಕೊಡುತ್ತೇನೆ ಎಂದಿದ್ದರು.

ಬಾಗಿಲಲ್ಲೇ ಚೌಕಣ್ಣ ನಿಂತಿದ್ದ. ನಡೆದದ್ದನ್ನು ಹೇಳಿದ. ಸಿಸ್ಟರ ನಗು ಮಡಚಿಕೊಂಡಿತು.

"ಚೌಕಣ್ಣ, ತೂತು ಕೊರೆದಿಲ್ಲ. ಕೊಳವೆ ಸರಿಯಾಗಿ ಕೂತಿದೆ. ನನ್ನ ಪುಸ್ತಕದಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ."

"ಕಾಲಮ್ ಹಾಕಿ ಸಿಸ್ಟರ್."

"ಹಾಕಿದ್ರೆ ನಾಳೆ ಅವರು ಬರೆದು ಕೊಡೋದು ಬೇರೆ ಆಗಬಹುದು. ಎಲ್ಲರೂ ಮತ್ತೆ ಮೂರನೇ ಮಹಡಿ. ನಿನ್ನನ್ನಂತೂ ಈ ಬಾಗಿಲು ದಾಟೋಕೆ ಬಿಡಲ್ಲ."

"ಗೊತ್ತು. ಆಗಿಂದ ಅದನ್ನೇ ಯೋಚನೆ ಮಾಡ್ತಿದೀನಿ." ಜೇಬಿನಿಂದ ಬಾಚಣಿಗೆ ತೆಗೆದು ಸಿಸ್ಟರ ಮೇಜಿನ ಮೇಲಿಟ್ಟ. "ಮುಂದೆ ಬರೋನು ಯಾರೋ ನನ್ನ ಹಾಗೇ ಚಿತ್ರ ನೋಡ್ತಾನೆ ಸಿಸ್ಟರ್. ಅವನ ಅಂಗಡಿಗೂ ಆ ಹೊತ್ತಿಗೆ ಡ್ರೈವರ್ ಬಂದು ಬೈತಾನೆ ಅಂತ ಏನು ಗ್ಯಾರಂಟಿ?"

ಸಿಸ್ಟರ್ ಬಾಚಣಿಗೆಯನ್ನು ಮೇಜಿನ ಖಾನೆಗೆ ಹಾಕಿದರು. ಆಮೇಲೆ ಕೆಂಪು ಪುಸ್ತಕ ಬಿಡಿಸಿ, ಸ್ಕೇಲು ಇಟ್ಟು, ಹೊಸದೊಂದು ಗೆರೆ ಎಳೆದರು. ಮೇಲೆ ಬರೆದರು: ತಪ್ಪಿದ್ದು, ತಡೆದದ್ದು.

ಮಾರನೆಯ ದಿನ ಚೌಕಣ್ಣನಿಗೆ ಮುಖ್ಯ ವೈದ್ಯರ ಕೋಣೆಯಿಂದ ಕರೆ ಬಂತು. ಹೆಂಡತಿ ಒಗೆದಿಟ್ಟ ಅಂಗಿ ಕೊಟ್ಟು, "ಮನೇಲೂ ನೀವು ಎಡ ಚಪ್ಪಲೀನ ಬಲಗಾಲಿಗೆ ಹಾಕ್ಕೊಂಡು ಹೋಗೋರೇ. ಅವರಿಗೆ ಇವತ್ತು ಗೊತ್ತಾಗಿದೆ ಅಷ್ಟೇ. ತಲೆ ಎತ್ತಿಕೊಂಡು ಹೋಗಿ" ಎಂದಳು. ಧೈರ್ಯ ಹೇಳುವ ಅವಳ ಕ್ರಮ ಅದು. ತಲೆದಂಡಕ್ಕೆ ತಯಾರಾಗಿಯೇ ಹೋದ. ಮುಖ್ಯ ವೈದ್ಯರದು ಪೂರಾ ಬೋಳುತಲೆ. ಇಡೀ ಆಸ್ಪತ್ರೆಯಲ್ಲಿ ಚೌಕಣ್ಣನ ಹಂಗಿಲ್ಲದ ತಲೆ ಅದೊಂದೇ. ದಾಕ್ಷಿಣ್ಯ ನಿರೀಕ್ಷಿಸುವಂತಿರಲಿಲ್ಲ. ಮೇಜಿನ ಮೇಲೆ ಕೆಂಪು ಪುಸ್ತಕ ತೆರೆದಿತ್ತು, ಪಕ್ಕದಲ್ಲಿ ದೊಡ್ಡ ಸಿಸ್ಟರ್ ನಿಂತಿದ್ದರು.

"ತಪ್ಪು ನಿಮಗೇ ಗೊತ್ತಾಯ್ತಾ, ಯಾರಾದ್ರೂ ಹೇಳಿದ್ರಾ?"

"ಗಿರಾಕಿ ಬೈದ ಸರ್. ಆಗ ಗೊತ್ತಾಯ್ತು."

"ಓಡಿ ಬರದೇ ಇದ್ದಿದ್ರೆ?"

"ಅದನ್ನ ಕೇಳಬೇಡಿ ಸರ್. ನಿದ್ದೆ ಬರಲ್ಲ."

ಅವರು ಪುಸ್ತಕದ ಹೊಸ ಗೆರೆಯನ್ನು ಬೆರಳಿಂದ ಸವರಿದರು. "ತೊಂಬತ್ತಾರು ಸಲ ಕೊಳವೆ ಏನಾಯ್ತು ಅಂತ ಬರೆದಿದಾರೆ. ಚೌಕ ಯಾರು ಹೇಳಿ ಯಾವ ಕಡೆ ಆಯ್ತು ಅಂತ ಒಂದು ಸಲಾನೂ ಇಲ್ಲ. ಇಷ್ಟು ದಿನ ಬಲಗಡೆ ಅನ್ನೋ ಅಭ್ಯಾಸ ನಮ್ಮನ್ನ ಕಾಪಾಡಿದೆ, ನಾವಲ್ಲ." ಸಿಸ್ಟರ ಕಡೆ ತಿರುಗಿ ಹೇಳಿದರು. "ಐಸಿಯುನಲ್ಲೇ ಮುಂದುವರಿಸಿ. ಆದರೆ ಡಾಕ್ಟರ್ ಪೆನ್ನಿಂದ ಗುರುತು ಹಾಕೋವರೆಗೆ ಒಂದು ಕೂದಲೂ ಬೀಳಕೂಡದು. ಗುರುತಿಲ್ಲ ಅಂದ್ರೆ ಇವರು ಕತ್ತರಿಸಲ್ಲ ಅನ್ನಬೇಕು. ನಾನೇ ಹೇಳಿದ್ರೂ."

ಮುಂದಿನ ಕರೆ ಬಂದದ್ದು ನಾಲ್ಕನೇ ದಿನ. ಚೌಕಣ್ಣ ಹೋಗಿ, ಪೆನ್ನಿನ ಗುರುತಿಲ್ಲದ್ದು ಕಂಡು, ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತ. ಡಾಕ್ಟರಮ್ಮ ಓಡೋಡಿ ಬಂದು ಗುರುತು ಹಾಕಿದರು. ಬಾಚಣಿಗೆಯನ್ನು ಸಿಸ್ಟರ್ ಮೇಜಿನ ಖಾನೆಯಿಂದ ತೆಗೆದುಕೊಟ್ಟರು, ಸ್ಪಿರಿಟ್ಟಿನಲ್ಲಿ ಒರೆಸಿ.

ಮೇಷ್ಟ್ರು ಕಣ್ಣು ಬಿಟ್ಟದ್ದು ಎರಡು ವಾರದ ಮೇಲೆ. ಅಷ್ಟರಲ್ಲಿ ಕೊಳವೆ ತನ್ನ ಕೆಲಸ ಮುಗಿಸಿ ಹೊರಬಂದಿತ್ತು. ಇನ್ನೊಂದು ವಾರಕ್ಕೆ ಸಾಮಾನ್ಯ ವಾರ್ಡಿಗೆ ಬಂದು, ದಿಂಬಿಗೆ ಒರಗಿ ಕೂತು, ಮೊದಲು ಕೇಳಿದ್ದು ನೀರು, ಆಮೇಲೆ ಕನ್ನಡಕ, ಅದಾದ ಮೇಲೆ ಕನ್ನಡಿ. ಅವರ ಹೆಂಡತಿ ಅಂಗಡಿಗೆ ಬಂದು ಬಾಗಿಲಲ್ಲಿ ನಿಂತರು.

"ಅಣ್ಣಾ, ಬೈತಿದಾರೆ. ಬನ್ನಿ."

ಅಷ್ಟು ಸಂತೋಷದಿಂದ ಬೈಗುಳದ ಸುದ್ದಿ ತಂದವರನ್ನು ನಾನು ನೋಡಿಲ್ಲ. ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದವನು ನಾನೇ. ಒರೆಸಿಕೊಂಡು ಜೊತೆಗೆ ಹೋದೆ.

ಚೌಕಣ್ಣ ಮಂಚದ ಪಕ್ಕ ನಿಂತ. ಅವತ್ತೇ ಮೇಷ್ಟ್ರ ಹೆಂಡತಿಗೆ ವಿಷಯ ಹೇಳಿದ್ದ, ಇವರಿಗೆ ಹೇಳುವುದು ಬಾಕಿ ಇತ್ತು. ಜೇಬಿನಿಂದ ಎರಡು ಕಾಗದದ ಪೊಟ್ಟಣ ತೆಗೆದು ಹೊದಿಕೆಯ ಮೇಲಿಟ್ಟ, ಗುಂಗುರು ಸುರುಳಿಗಳು.

"ಮೇಷ್ಟ್ರೇ, ಎಡಗಡೆ ಚೌಕ ನಿಮಗೆ ಬೇಕಾಗಿತ್ತು. ಬಲಗಡೇದು ನನ್ನ ತಪ್ಪು. ಚಿತ್ರ ನೋಡೋಕೆ ನನಗೆ ಬರಲಿಲ್ಲ. ಕ್ಷಮಿಸಬೇಕು."

ಮೇಷ್ಟ್ರು ಕೈಗನ್ನಡಿ ಎತ್ತಿ ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿದರು. ಗಂಟಲಿಗೆ ಹಾಕಿದ್ದ ನಳಿಕೆಯಿಂದ ದನಿ ಇನ್ನೂ ಒರಟಾಗಿತ್ತು.

"ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟೆ. ಎರಡೂ ಕಡೆ ಸಮ ಬರಬೇಕು ಅಂತ. ಒಬ್ಬನೂ ಬರೀಲಿಲ್ಲ." ಉಸಿರು ತೆಗೆದುಕೊಂಡರು. "ನೀವು ಬರೆದಿದೀರಿ. ಎಡಗಡೆ ಒಂದು ಮೂಲೆ ಮಾತ್ರ ಸೊಟ್ಟ."

"ಕೈ ನಡುಗಿತ್ತು ಮೇಷ್ಟ್ರೇ."

"ನಡುಗಬೇಕಾದದ್ದೇ." ಹೆಂಡತಿಯ ಕಡೆ ನೋಡಿ, "ಇವಳು ಏನಂದಳು?"

"ಇನ್ನೊಂದು ಚೌಕ ಹೋದ್ರೂ ಪರವಾಗಿಲ್ಲ, ಮನುಷ್ಯ ಇರಲಿ ಅಂದ್ರು."

"ಸುಳ್ಳು" ಎಂದರು ಆಕೆ. "ನಾನು ಹಾಗೆಲ್ಲ ಅನ್ನಲಿಲ್ಲ. ಅಲ್ಲೇ ಕೂತು ಅತ್ತೆ ಅಷ್ಟೇ."

ಮೇಷ್ಟ್ರು ಮನೆಗೆ ಹೋಗುವ ಮುಂಚೆ ಹೆಂಡತಿಯಿಂದ ದೊಡ್ಡ ರಟ್ಟು, ಬಣ್ಣ ತರಿಸಿಕೊಂಡರು. ಬಲಗೈ ಇನ್ನೂ ಸ್ವಲ್ಪ ನಿಧಾನ. ಮೂರು ದಿನ ಕೂತು ಎದುರಿಗೆ ನೋಡುತ್ತಿರುವ ಒಂದು ತಲೆ ಬರೆದರು. ಚಿತ್ರದ ಬಲಬದಿಗೆ ಅಂಗೈಯಗಲದ ಅಕ್ಷರದಲ್ಲಿ ಎಡ, ಎಡಬದಿಗೆ ಅಷ್ಟೇ ದಪ್ಪದಲ್ಲಿ ಬಲ. ಈಗ ಅದು ಐಸಿಯುನಲ್ಲಿ ಸ್ಕ್ಯಾನ್ ನೋಡುವ ಪರದೆಯ ಪಕ್ಕದಲ್ಲೇ ತೂಗುತ್ತಿದೆ. ತೂಗುಹಾಕಿದ್ದು ದೊಡ್ಡ ಸಿಸ್ಟರ್. ನೇರವಾಯಿತೇ ಎಂದು ದೂರ ನಿಂತು ನೋಡಿದ್ದು ಮೇಷ್ಟ್ರು, ನೆಲದ ಮೇಲೆ ನಿಂತು.

ಚಿತ್ರದ ಮುಖ ಚೌಕಣ್ಣನದೇ. ಅವನಿಗೆ ಅದರ ಬಗ್ಗೆ ಒಂದೇ ಒಂದು ತಕರಾರು.

"ನನ್ನ ಮೂಗು ಅಷ್ಟು ದೊಡ್ಡದಿಲ್ಲ ಸಿಸ್ಟರ್."

"ಇರಲಿ ಬಿಡು" ಎಂದರು ದೊಡ್ಡ ಸಿಸ್ಟರ್, "ಅಳೆಯೋಕೆ ಶುರು ಮಾಡೋದು ಅಲ್ಲಿಂದ ತಾನೇ?"